ದಾಕ್ಷಿಣ್ಯವಿಲ್ಲದ ಮೆಷಿನ್ ಮತ್ತು ನನ್ನ ಮೂವತ್ತು ಕಿಲೋ

ಈ ಸಲ ಊರಿಗೆ ಹೋಗುವಾಗ ಪರರ ಒಂದು ಗ್ರಾಂ ಸಾಮಾನನ್ನೂ ಹೊರುವುದಿಲ್ಲ ಎಂದು ನಾನು ಘೋರ ಪ್ರತಿಜ್ಞೆ ಮಾಡಿದೆ!

ಮಸ್ಕತ್‌ನಿಂದ ಮಂಗಳೂರಿಗೆ ನನ್ನ ಟಿಕೆಟ್ಟಿನಲ್ಲಿ ಮೂವತ್ತು ಕಿಲೋ ಒಯ್ಯಬಹುದು. ಒಂಬತ್ತು ವರ್ಷಗಳಲ್ಲಿ ಆ ಮೂವತ್ತರಲ್ಲಿ ನನ್ನದೆಂದು ಹೋದದ್ದು ನಾಲ್ಕು ಬನಿಯನ್ನು, ಒಂದು ಲುಂಗಿ. ಉಳಿದದ್ದೆಲ್ಲ ಒಮಾನಿನಲ್ಲಿರುವ ಸಮಸ್ತ ಕರಾವಳಿ ಕನ್ನಡಿಗರ ಸಾರ್ವಜನಿಕ ಆಸ್ತಿ! ಇಲ್ಲಿ ನಾನು ಟಿಕೆಟ್ ಮಾಡಿಸಿದರೆ ಸುದ್ದಿ ನನ್ನ ಹೆಂಡತಿಗಿಂತ ಮೊದಲು ದೂರದ ರುಸ್ತಾಕ್, ಸುವೈಕ್ ಊರುಗಳನ್ನು ಮುಟ್ಟಿರುತ್ತದೆ. ಬೆನ್ನಿಗೇ 'ಒಂದು ಸಣ್ಣ ಪಾರ್ಸೆಲ್ ಉಂಟು ಸುವರ್ಣರೇ' ಎಂಬ ಮೆಸೇಜು. ಇಲ್ಲ ಎನ್ನಲು ನನಗೆ ದಾಕ್ಷಿಣ್ಯ. ಆ ಸಣ್ಣ ಪಾರ್ಸೆಲ್ ಮನೆಗೆ ಬರುವಾಗ ಅದನ್ನು ಇಬ್ಬರು ಹಿಡಿದಿರುತ್ತಾರೆ.

ಈ ಸಲ ಹಾಗಲ್ಲ. ಈ ಸಲ ಏಳು ಕಿಲೋ ನನ್ನ ಅತ್ತೆಯವರ ಕಾಲಿಗೆ ಮೀಸಲು! ಪಾಪ, ಅವರಿಗೆ ಗಂಟುನೋವು. ಕಾಲು ಒಳಗಿಟ್ಟರೆ ತಾನೇ ಒತ್ತುವ ಮೆಷಿನ್ ಒಂದನ್ನು ವಿಡಿಯೋದಲ್ಲಿ ನೋಡಿ, "ಅಂಥದ್ದು ಅಲ್ಲಿ ಸಿಗ್ತದಾ ಮಗಾ?" ಎಂದು ಮಗಳನ್ನು ಕೇಳಿದ್ದರು. ಮದುವೆಯಾದಂದಿನಿಂದ ಅವರು ನಮ್ಮಲ್ಲಿ ಕೇಳಿದ ಮೊದಲ ವಸ್ತು ಅದು.

"ನಿಜವಾಗಿ ತಗೊಂಡು ಹೋಗ್ತೀರಾ?" ಎಂದಳು ಹೆಂಡತಿ ಸೌಮ್ಯಶ್ರೀ. "ಪ್ರತಿ ವರ್ಷ ಅಮ್ಮನಿಗೆ ಎಂತಾದ್ರೂ ಕಳಿಸುವ ಅಂದ್ರೆ ಲಗೇಜ್ ಫುಲ್ ಅಂತೀರಿ."

"ಸೌಮ್ಯಾ, ಇದು ಸುವರ್ಣನ ಮಾತು!"

"ಅದಕ್ಕೇ ಕೇಳಿದ್ದು."

ನನ್ನ ಧೈರ್ಯಕ್ಕೆ ಕಾರಣವಿತ್ತು. ರುಸೈಲ್‌ನ ಪೈಪ್ ಫ್ಯಾಕ್ಟರಿಯಲ್ಲಿ ನಾನು ಸ್ಟೋರ್ ಕೀಪರ್. ಸಹಿಯಿಲ್ಲದೆ ಒಂದು ಬೋಲ್ಟೂ ನನ್ನ ಬಾಗಿಲು ದಾಟದು. ಕ್ಯಾಂಟೀನಿನಲ್ಲಿ ಮಾತ್ರ ನಾನು ವಿಜ್ಞಾನಿ! ಪೇಪರಿನಲ್ಲಿ ಎಐ ಬಗ್ಗೆ ಎರಡು ಸಾಲು ಬಂದರೂ ಸಾಕು, ಟೀ ತಣ್ಣಗಾಗುವವರೆಗೆ ಉಪನ್ಯಾಸ. ನನ್ನ ಜೊತೆ ಕೆಲಸ ಮಾಡುವ ಸ್ಟೀಫನ್‌ಗೆ ಎಐ ಎಂದರೆ ಭಯ.

"ನಮ್ಮ ಕೆಲಸ ಎಲ್ಲ ಅದೇ ಮಾಡ್ತದಂತೆ ಮಾರಾಯ್ರೆ. ನಾವು ಊರಿಗೆ ಹೋಗಿ ಎಂತ ಮಾಡುದು?"

"ಹೆದರಬೇಡ ಸ್ಟೀಫನ್. ಮನುಷ್ಯನ ಶತ್ರು ಎಐ ಅಲ್ಲ, ದಾಕ್ಷಿಣ್ಯ! ಮೆಷಿನಿಗೆ ದಾಕ್ಷಿಣ್ಯ ಇಲ್ಲ. ಅದೇ ಅದರ ಶಕ್ತಿ!"

ಹೀಗೆ ಹೇಳುತ್ತಿದ್ದಂತೆ ನನ್ನ ತಲೆಯಲ್ಲಿ ಬಲ್ಬು ಹತ್ತಿತು. ನಾನು ಹೇಳಲಾರದ 'ಇಲ್ಲ'ವನ್ನು ಮೆಷಿನೇ ಹೇಳಲಿ! ಆ ಕ್ಷಣದಲ್ಲೇ ವಾಟ್ಸಪ್‌ಗೆ ನಮ್ಮ ಪರವಾಗಿ ಉತ್ತರ ಬರೆಯುವ ಒಂದು ಆ್ಯಪ್ ಹುಡುಕಿ ಹಾಕಿಕೊಂಡೆ. ಒಂದು ರಾತ್ರಿ ಫೋನ್ ಚಾರ್ಜಿಗಿಟ್ಟರೆ ಅದು ನಮ್ಮ ಹಳೆಯ ಮೆಸೇಜುಗಳನ್ನೆಲ್ಲ ಓದಿ, ಮರುದಿನದಿಂದ ನಮ್ಮ ಹಾಗೆಯೇ ಬರೆಯುತ್ತದಂತೆ. ಮೆಷಿನ್ ಎಂದು ಯಾರಿಗೂ ಗೊತ್ತಾಗಬಾರದಲ್ಲ? ಅದಕ್ಕೆ ನಾನು ಗಂಭೀರವಾಗಿ ಆಜ್ಞೆ ಬರೆದೆ: 'ಲಗೇಜಿನ ವಿಷಯ ಯಾರು ಎತ್ತಿದರೂ, ನಾನು ಹೇಗೆ ಉತ್ತರಿಸುತ್ತೇನೋ ಹಾಗೆಯೇ ಉತ್ತರಿಸು.'

ಖಲಾಸ್! ಭಾನುವಾರದಿಂದ ಗುರುವಾರದವರೆಗೆ ವಾಟ್ಸಪ್ ತೆರೆದೇ ನೋಡಲಿಲ್ಲ. ಫೋನು ಜೇಬಿನಲ್ಲಿ ಗುಂಯ್ ಎನ್ನುತ್ತಿತ್ತು, ಒಂದು ಕ್ಷಣದಲ್ಲಿ ಸುಮ್ಮನಾಗುತ್ತಿತ್ತು. ಆಹಾ, ಇನ್ನೊಬ್ಬನನ್ನು ಓಡಿಸಿತು ಎಂದು ನಾನು ಮೀಸೆಯಡಿ ನಗುತ್ತಿದ್ದೆ. ಕ್ಯಾಂಟೀನಿನಲ್ಲಿ ಸ್ಟೀಫನ್ ಮೂರು ಸಲ "ಥ್ಯಾಂಕ್ಸ್ ಸುವರ್ಣರೇ" ಎಂದ. ನನ್ನ ಉಪನ್ಯಾಸಕ್ಕೆ ಎಂದುಕೊಂಡೆ. ಗುರುವಾರ ಸಂಜೆ ಸೌಮ್ಯ ಮಾತಾಡಲಿಲ್ಲ. ದೋಸೆ ಬಂತು, ಚಟ್ನಿ ಬರಲಿಲ್ಲ. ಗಂಡನ ಸಾಧನೆ ಕಂಡು ಮೂಕಳಾಗಿದ್ದಾಳೆ ಎಂದುಕೊಂಡೆ. ಇಂಥ ತಪ್ಪು ಲೆಕ್ಕ ಸ್ಟೋರಿನಲ್ಲಿ ಹಾಕಿದ್ದರೆ ಎಂದೋ ಮನೆಗೆ ಕಳಿಸುತ್ತಿದ್ದರು.

ಶುಕ್ರವಾರ ರಜೆ. ಮರುದಿನ ಬೆಳಿಗ್ಗೆ ವಿಮಾನ. ಒಂಬತ್ತು ಗಂಟೆಗೆ ಬಾಗಿಲು ಬಡಿಯಿತು. ಸ್ಟೀಫನ್! ಕೈಯಲ್ಲಿ ಕಂದು ಕಾಗದ ಸುತ್ತಿದ ದೊಡ್ಡ ಪೆಟ್ಟಿಗೆ.

"ಅಮ್ಮನಿಗೆ. ಜೋಪಾನ, ಆಯ್ತಾ? ನೀವು ಅಷ್ಟು ಪ್ರೀತಿಯಿಂದ ಬರ್ದದ್ದಕ್ಕೇ ತಂದದ್ದು."

ಇಲ್ಲ ಎನ್ನಲು ಬಾಯಿ ತೆರೆದೆ. ಕೈ ಮಾತ್ರ ಪೆಟ್ಟಿಗೆಗೆ ಚಾಚಿತು. ಹಾಳು ದಾಕ್ಷಿಣ್ಯ!

ಅವನ ಬೆನ್ನಿಗೇ ರುಸ್ತಾಕ್‌ನಿಂದ ಸುಂದರಿ ಅಕ್ಕ. ನಾನ್‌ಸ್ಟಿಕ್ ಕಾವಲಿ ಮೂರು, ಸೊಸೆಯಂದಿರು ಮೂವರಿದ್ದಾರೆಂದು! ಆಮೇಲೆ ಡ್ರೈವರ್ ಅಫ್ವಾನ್, ತಮ್ಮನ ಕಾರಿಗೆ ಸೈಡ್ ಮಿರರ್, ಅದೂ ಜೋಡಿ. ಜುಮಾ ನಮಾಜ್ ಮುಗಿದ ಮೇಲೆ ಸುವೈಕ್‌ನಲ್ಲಿ ಅಂಗಡಿಯಿರುವ ಮೊಯ್ದೀನಾಕ ಬಂದರು. ಅವರ ಹಿಂದೆ ಒಂದು ಕಂಬಳಿ ಬಂತು. ಹುಲಿಯ ಚಿತ್ರವಿರುವ, ಇಬ್ಬರು ಮಲಗುವ ಕಂಬಳಿ! ಜೊತೆಗೆ ಎರಡು ಕಿಲೋ ಒಮಾನಿ ಹಲ್ವಾ.

"ಮೊಯ್ದೀನಾಕ, ಮಂಗಳೂರಿನ ಸೆಕೆಗೆ ಕಂಬಳಿಯಾ?"

"ತಂಗಿ ಎಸಿ ಹಾಕಿಸಿದ್ದಾಳೆ, ಈಗ ಚಳಿಯಂತೆ. ನೀವೇ ಬರ್ದಿದ್ದೀರಲ್ಲ, 'ಅಯ್ಯೋ ಅದಕ್ಕೆಂತ, ತಂದು ಕೊಡಿ, ಜಾಗ ಧಾರಾಳ ಉಂಟು' ಅಂತ! ಈ ಕಾಲದಲ್ಲಿ ಇಂಥ ಮನುಷ್ಯ ಸಿಗುದಿಲ್ಲ."

ಸಿಗುವುದಿಲ್ಲ ಮೊಯ್ದೀನಾಕ, ಆ ಮನುಷ್ಯ ಎಲ್ಲೂ ಸಿಗುವುದಿಲ್ಲ! ಸಿಕ್ಕಿದ್ದರೆ ನಾನೇ ಅವನ ಕತ್ತು ಹಿಸುಕುತ್ತಿದ್ದೆ.

ಅವರು ಹೋದ ಮೇಲೆ ಎಲ್ಲವನ್ನೂ ತೂಗಿದೆ. ಮೂವತ್ತೆರಡು ಕಿಲೋ. ನನ್ನ ಬನಿಯನ್ನಿಗೂ ಜಾಗವಿಲ್ಲ! ಆದರೆ ಪ್ರತಿಜ್ಞೆ ಎಂದರೆ ಪ್ರತಿಜ್ಞೆ. ಹಲ್ವಾ ಹೊರಗಿಟ್ಟೆ, ಅದು ಮುಂದಿನವರ ಕೈಯಲ್ಲಿ ಹೋಗಲಿ. ಲುಂಗಿ ಬೇಡ, ಊರಿನಲ್ಲಿ ಸಿಗುತ್ತದೆ. ಉಟ್ಟ ಬಟ್ಟೆಯಲ್ಲೇ ಹೋಗುವೆ, ಕೈಚೀಲದ ಏಳು ಕಿಲೋ ಪೂರ್ತಿ ಅತ್ತೆಯವರಿಗೆ! ತ್ಯಾಗದಿಂದ ನನ್ನ ಕಣ್ಣೇ ಒದ್ದೆಯಾಯಿತು.

"ಸೌಮ್ಯಾ, ಯಲ್ಲಾ, ಬೇಗ! ತಾ ಅಮ್ಮನ ಮೆಷಿನ್!"

"ಯಾವ ಮೆಷಿನ್?" ಅವಳು ಅಡುಗೆಮನೆಯಿಂದ ತನ್ನ ಫೋನ್ ಹಿಡಿದೇ ಬಂದಳು. "ನೀವೇ ಬೇಡ ಅಂದ್ರಲ್ಲ."

ಗುರುವಾರ ಬೆಳಿಗ್ಗೆ ಅಂಗಡಿಯಿಂದ ಅವಳು ಕೇಳಿದ್ದಳು: 'ಇದು ಕೊನೇ ಪೀಸ್ ಅಂತೆ. ತಗೊಳ್ಳಲಾ? ಜಾಗ ಉಂಟಲ್ಲ?' ಕೆಳಗೆ, ಎರಡೇ ಸೆಕೆಂಡಿನಲ್ಲಿ, ನನ್ನ ಹೆಸರಿನಲ್ಲಿ ಉತ್ತರ: 'ಈ ಸಲ ಬೇಡ ಮಾರಾಯ್ತಿ. ಲಗೇಜ್ ಫುಲ್. ಮುಂದಿನ ಸಲ ನೋಡುವ.'

"ಇದು ನಾನಲ್ಲ ಸೌಮ್ಯಾ! ಮೆಷಿನ್!"

ಅವಳು ಬೆರಳಿನಿಂದ ಹಳೆಯ ಮೆಸೇಜುಗಳಿಗೆ ಸರಿಸಿದಳು. ಹೋದ ವರ್ಷ: 'ಬೇಡ ಮಾರಾಯ್ತಿ. ಲಗೇಜ್ ಫುಲ್.' ಅದರ ಹಿಂದಿನ ವರ್ಷ ಅದೇ. ಅದಕ್ಕೂ ಹಿಂದೆ ಅದೇ. ಅವೆಲ್ಲ ಮಾತ್ರ ಸಾಕ್ಷಾತ್ ನನ್ನ ಹೆಬ್ಬೆರಳಿನಿಂದ ಹೋದವು. ನನಗೆ ನಿಜಕ್ಕೂ ನಾಚಿಕೆಯಾಯಿತು.

"ಈಗಲೇ ಅಂಗಡಿಗೆ ಓಡ್ತೇನೆ!"

"ಓಡುದು ಬೇಡ. ಆ ಕೊನೇ ಪೀಸ್ ನಿಮ್ಮ ಕಾಲ ಬುಡದಲ್ಲೇ ಉಂಟು."

ಕಂದು ಕಾಗದದ ಪೆಟ್ಟಿಗೆ! ಮೂಲೆಯಲ್ಲಿ ಸ್ವಲ್ಪ ಹರಿದಿತ್ತು. ಒಳಗಿಂದ ಎರಡು ಪಾದಗಳ ಚಿತ್ರ ಇಣುಕಿತು.

"ನಾನು ಅಂಗಡಿಯಲ್ಲಿ ವಾಪಸ್ ಇಟ್ಟದ್ದನ್ನು ಸ್ಟೀಫನ್ ನಿನ್ನೆ ಸಂಜೆ ತಗೊಂಡ್ರಂತೆ, ಅವರೇ ಹೇಳಿದ್ರು. ಅವರಮ್ಮನಿಗೂ ಕಾಲುನೋವು. ಪಾಪ, ಜೋಪಾನವಾಗಿ ತಲುಪಿಸಿ."

ನಾನು ಫೋನ್ ತೆಗೆದು ಆ ಆ್ಯಪ್‌ಗೆ ಬಾಯಿಗೆ ಬಂದಂತೆ ಬರೆದೆ: 'ಎಲ್ಲರಿಗೂ ಹ್ಞೂಂ ಅಂದು, ನನ್ನ ಹೆಂಡತಿಗೆ ಮಾತ್ರ ಇಲ್ಲ ಅಂದೆಯಲ್ಲ, ನಿನಗೆ ಬುದ್ಧಿ ಇದೆಯೇ?' ಅದು ವಿನಯದಿಂದ ಉತ್ತರಿಸಿತು: 'ತಾವು ಹೇಳಿದಂತೆಯೇ ಮಾಡಿದ್ದೇನೆ. ಒಂಬತ್ತು ವರ್ಷಗಳ ಮೆಸೇಜುಗಳಲ್ಲಿ ತಾವು ಇಲ್ಲ ಎಂದದ್ದು ಒಬ್ಬರಿಗೆ ಮಾತ್ರ.'

"ದರಿದ್ರ ಆ್ಯಪ್! ಈಗಲೇ ಅಳಿಸಿ ಹಾಕ್ತೇನೆ!"

"ಅದಕ್ಕೆ ಯಾಕೆ ಬೈಯುದು ಪಾಪ?" ಸೌಮ್ಯ ಹೊರಗಿಟ್ಟ ಹಲ್ವಾದ ಡಬ್ಬಿ ತೆರೆದು ಒಂದು ಚಮಚ ಬಾಯಿಗೆ ಹಾಕಿಕೊಂಡಳು. "ನಿಮ್ಮನ್ನು ಅರ್ಥ ಮಾಡ್ಲಿಕ್ಕೆ ನನಗೆ ಒಂಬತ್ತು ವರ್ಷ ಬೇಕಾಯ್ತು. ಅದು ಒಂದೇ ರಾತ್ರಿಯಲ್ಲಿ ಮಾಡಿತು!"