ಎರಡು ಸಲ ಒತ್ತಬೇಕಾದ ಬಟನ್

ತೊಂದರೆಯೆಲ್ಲ ಶುರುವಾದದ್ದು ಒಂದು ಬಟನ್ನಿನಿಂದ. ಕಲ್ಲೋಳಿಯ ಶ್ರೇಣಿಕ ಗೋಕಾಕಿನಲ್ಲಿ ಕಂಪ್ಯೂಟರ್ ಕೋರ್ಸು ಮುಗಿಸಿ ಬಂದು, ೨೦೦೨ರ ಮಳೆಗಾಲವಿಡೀ ಕೂತು ಧ್ವನಿ ರೆಕಾರ್ಡು ಮಾಡುವ ಒಂದು ಪ್ರೋಗ್ರಾಮು ಬರೆದಿದ್ದ. ಪರದೆಯ ಮೇಲೆ ಬೂದು ಬಣ್ಣದ ಒಂದು ಚೌಕ, ಅದರಲ್ಲಿ ಎರಡೇ ಬಟನ್. ಕೆಂಪು ಒತ್ತಿದರೆ ರೆಕಾರ್ಡು ಶುರು, ಕರಿಯದು ಒತ್ತಿದರೆ ಬಂದ್. ಕಂಪ್ಯೂಟರಿನ ಜೊತೆಗೇ ಬಂದ ರೆಕಾರ್ಡರು ಒಂದು ನಿಮಿಷಕ್ಕೇ ಸುಸ್ತಾಗುತ್ತಿತ್ತು; ಶ್ರೇಣಿಕನದು ಹೇಳಿದಷ್ಟೂ ಕೇಳುತ್ತಿತ್ತು. ಒಂದೇ ಊನ, ಕರಿ ಬಟನ್ ಎರಡು ಸಲ ಒತ್ತಿದರೇ ನಿಲ್ಲುತ್ತಿತ್ತು. ಯಾಕೆಂದು ಎಷ್ಟು ಹುಡುಕಿದರೂ ಅವನಿಗೆ ಸಿಕ್ಕಿರಲಿಲ್ಲ.

ಅಪ್ಪ ಪಾಯಪ್ಪನದು ಕಿರಾಣಿ ಅಂಗಡಿ. ಒಂದು ದಿನ ಬೆಳಿಗ್ಗೆ ಚಹಾ ಕುಡಿಯುತ್ತ ಆತ ಹೇಳಿದ: "ಇವತ್ತ ಸಂಜಿ ಒಳಗ ಒಬ್ಬ ಗಿರಾಕಿನ್ನ ತೋರಸು. ಇಲ್ಲಂದ್ರ ನಾಳಿಂದ ಅಂಗಡ್ಯಾಗ ಬೆಲ್ಲ ತೂಗಾಕ ಕುಂದರು."

ಗಿರಾಕಿ ಇದ್ದ. ಮರುದಿನ ಮೂಡಲಗಿಯಲ್ಲಿ ಪಾತ್ರೆ-ಭಾಂಡೆ ಅಂಗಡಿ ತೆರೆಯಲಿದ್ದ ಅಣ್ಣಾಸಾಹೇಬ, ಟಂಟಂ ಗಾಡಿಗೆ ಸ್ಪೀಕರ್ ಕಟ್ಟಿ ಊರೂರಿಗೆ ಕೇಳಿಸುವ ಜಾಹೀರಾತು ರೆಕಾರ್ಡು ಮಾಡಿಡು, ಸಂಜೆ ಬಂದು ಕೇಳುತ್ತೇನೆ ಎಂದಿದ್ದ. ಬೆಲ್ಲಕ್ಕೆ ಮುತ್ತುವ ನೊಣಗಳನ್ನು ನೆನೆಸಿಕೊಂಡು ಶ್ರೇಣಿಕ ತಕ್ಷಣ ಮೈಕ್ ಹಿಡಿದ.

ಮೊದಲ ಸಲ ಗಿರಣಿಯ ಪಟಪಟ ಸೇರಿಕೊಂಡಿತು. ಎರಡನೆಯ ಸಲ ಅವ್ವ ಸೀತಾಬಾಯಿ ಒಗ್ಗರಣೆ ಹಾಕಿದಳು. ಅಷ್ಟರಲ್ಲಿ ಬಾಜೂ ಮನೆಯ ರಾಯವ್ವ ಇಣುಕಿದಳು. ಊರ ಉಸಾಬರಿಯೆಲ್ಲ ತನ್ನದೇ ಎಂದುಕೊಂಡ ಹೆಂಗಸು.

"ಒಬ್ಬನ ಏನ್ ಮಾತಾಡಾಕತ್ತೀಯೋ ತಮ್ಮಾ?"

"ಅಣ್ಣಾಸಾಹೇಬ ಕಾಕಾನ ಭಾಂಡೆ ಅಂಗಡಿದು ರಿಕಾರ್ಡಿಂಗ್ ಐತಿ ಆಯಿ. ನಾಳಿ ಚಾಲೂ ಆಗತೈತಿ, ಬೋಗುಣಿ ತಗೊಂಡ್ರ ಸೌಟ ಪುಕಟ ಅಂತ ಹೇಳಬೇಕು. ಆದ್ರ ಯಾರೂ ಸಪ್ಪಳ ಮಾಡಬಾರದು."

"ಇಷ್ಟ ಹೌದಿಲ್ಲ? ನಾ ಕಟ್ಟಿ ಮ್ಯಾಲ ಕುಂದರತೇನಿ. ಒಂದ ಗುಬ್ಬೀನೂ ಚಿಂವ್ ಅನ್ನೂದಿಲ್ಲ."

ಗುಬ್ಬಿಗಳು ಸುಮ್ಮನಾದವು, ರಾಯವ್ವ ಶುರುವಾದಳು. ಐಸ್‌ಕ್ಯಾಂಡಿಯವನ ಗಂಟೆ ನಿಲ್ಲಿಸಿದಳು. ಸೈಕಲ್ಲಿನವರನ್ನು ಇಳಿಸಿ ನಡೆಸಿದಳು. ಯಾಕೆ ಸುಮ್ಮನಿರಬೇಕು ಎಂಬುದನ್ನು ಪ್ರತಿಯೊಬ್ಬರಿಗೂ ಬುಡದಿಂದ ತುದಿಯವರೆಗೆ, ಆಚೆ ಓಣಿಗೂ ಕೇಳುವಂತೆ ಹೇಳಿಯೇ ಕಳಿಸಿದಳು. ಒಳಗೆ ಪ್ರತಿ ರೆಕಾರ್ಡಿನಲ್ಲೂ ಭಾಂಡೆಗಿಂತ ರಾಯವ್ವನೇ ಹೆಚ್ಚು. ಸಾಕು ಹೋಗು ಎನ್ನಲು ಶ್ರೇಣಿಕನಿಗೆ ಬಾಯಿ ಬರಲಿಲ್ಲ. ಚಿಕ್ಕವನಿದ್ದಾಗ ಎತ್ತಿ ಆಡಿಸಿದವಳು.

ಕಡೆಗೆ ಮೈಕಿನೊಂದಿಗೆ ಕೌದಿ ಹೊದ್ದು ಒಳಗೆ ಸೇರಿಕೊಂಡು, ಬೆವರಿನಲ್ಲಿ ತೊಯ್ದು, ರಾಯವ್ವ ನೀರು ಕುಡಿಯಲು ಹೋದ ಗಳಿಗೆ ನೋಡಿ ಒಂದೇ ಉಸಿರಿನಲ್ಲಿ ಮುಗಿಸಿದ. ಆ ಖುಷಿಯಲ್ಲಿ ಕರಿ ಬಟನ್ ಒಂದೇ ಸಲ ಒತ್ತಿ ಸ್ನಾನಕ್ಕೆ ಓಡಿದ.

ಬರುವಷ್ಟರಲ್ಲಿ ಅಣ್ಣಾಸಾಹೇಬ ಪಾಯಪ್ಪನ ಜೊತೆ ಕಂಪ್ಯೂಟರಿನ ಮುಂದೆ ಕೂತಿದ್ದ. ಶ್ರೇಣಿಕ ಗಾಬರಿಯಿಂದ ಬಟನ್ ಮತ್ತೊಮ್ಮೆ ಒತ್ತಿ, ರೆಕಾರ್ಡು ಹಚ್ಚಿದ.

"ಮಾನ್ಯ ಗ್ರಾಹಕ ಬಾಂಧವರಲ್ಲಿ ಸವಿನಯ ವಿನಂತಿ..." ದನಿ ಬಾವಿಯೊಳಗಿನಿಂದ ಬಂದಂತಿತ್ತು. ಅಣ್ಣಾಸಾಹೇಬ ಆಕಳಿಸಿದ. ಜಾಹೀರಾತು ಮುಗಿಯಿತು, ರೆಕಾರ್ಡು ಮುಗಿಯಲಿಲ್ಲ. ರಾಯವ್ವನ ದನಿ ಬಂತು.

"ಏ ಲಕ್ಕವ್ವಾ, ಮೆಲ್ಲಕ ನಡಿ. ಒಳಗ ಅಣ್ಣಾಸಾಹೇಬನ ಭಾಂಡೆ ಅಂಗಡಿ ರಿಕಾರ್ಡಿಂಗ್ ನಡದೈತಿ. ನಾಳಿ ಮೂಡಲಗ್ಯಾಗ ಚಾಲೂ. ಬೋಗುಣಿ ತಗೊಂಡ್ರ ಸೌಟ ಪುಕಟ. ತಡಾ ಮಾಡಿದ್ರ ಸೌಟ ಎಲ್ಲಿ ಉಳೀತಾವು? ಬಾ, ಕೂಡೇ ಹೋಗೂಣು."

ಅಣ್ಣಾಸಾಹೇಬ ನೆಟ್ಟಗೆ ಕೂತ. "ಬಸ್ ಇಳದ ಕೂಡ್ಲೆ ಮಂದಿ ನನಗ ಸೌಟ ಕೇಳಾಕತ್ತರು. ಗಾಡೀನ ಇನ್ನೂ ಬಿಟ್ಟಿಲ್ಲ, ಇವರಿಗಿ ಹೆಂಗ ಗೊತ್ತಾತು ಅಂದೆ. ಇಕೀದ ಕೆಲಸ ಹೌದಲ್ಲ? ನನಗ ಮಷಿನ್ ಬ್ಯಾಡೋ ತಮ್ಮಾ. ಟಂಟಂದಾಗ ಇಕೀನ್ನ ಕುಂದ್ರಸತೇನಿ."

ಶ್ರೇಣಿಕನ ಮುಖ ಕಪ್ಪಿಟ್ಟಿತು. ಅಣ್ಣಾಸಾಹೇಬನಿಗೆ ಪಾಪ ಅನಿಸಿತು. "ನೀನೂ ಬಾ. ಅಕಿ ಚಾಲೂ ಆದ್ಲಂದ್ರ ನಿಂದ್ರೂದಿಲ್ಲ. ಬಾಜೂಕ ಕುಂತ ನಿಲ್ಲಸಾಕ ಒಬ್ಬರು ಬೇಕು."

"ನಾಳಿ ಒಂದ ದಿನ ಹೋಗು," ಎಂದ ಪಾಯಪ್ಪ. "ನಾಡಿದ್ದ ಅಂಗಡಿಗಿ ಬಾ."

ಮರುದಿನ ಟಂಟಂ ಮೂಡಲಗಿಯ ಪೇಟೆ ಹೊಕ್ಕಿತು. ಭಾಂಡೆಯ ಸುದ್ದಿ ಮುಗಿಸಿದ ರಾಯವ್ವ, ಮೈಕಿನಲ್ಲಿಯೇ ಬಾಜೂ ಕೂತವನ ಸುದ್ದಿಗೆ ಇಳಿದಳು.

"ಇಂವಾ ನಮ್ಮ ಪಾಯಪ್ಪನ ಮಗಾ. ಕಂಪ್ಯೂಟರ್ ಕಲ್ತಾನ, ಗಿರಾಕಿ ಸಿಗಲಿಲ್ಲ ಪಾಪ. ನಾಳಿಂದ ಕಲ್ಲೋಳ್ಯಾಗ ಅಪ್ಪನ ಅಂಗಡ್ಯಾಗ ಬೆಲ್ಲ ತೂಗತಾನ. ಎಲ್ಲಾರೂ ಬರ್ರಿ."

ಶ್ರೇಣಿಕ ಆಕೆಯ ಭುಜ ಒತ್ತಿದ. ಮತ್ತೊಮ್ಮೆ ಒತ್ತಿದ. ಎರಡು ಸಲ ಒತ್ತಿದರೂ ರಾಯವ್ವ ನಿಲ್ಲಲಿಲ್ಲ.