ಅತ್ತೆಯ ಬಂದೂಕಿನ ಚೀಲ

ಬಂದೂಕು ಇರುವವರನ್ನು ನೀವು ಎಲ್ಲಾದರೂ ನೋಡಿರಬಹುದು. ಇಲ್ಲದವರನ್ನಂತೂ ದಿನಾ ನೋಡುತ್ತೀರಿ. ಆದರೆ ಬಂದೂಕಿಲ್ಲದೆ ಬರೀ ಅದರ ಚೀಲವನ್ನು ಸೊಂಟಕ್ಕೆ ಕಟ್ಟಿಕೊಂಡು ಓಡಾಡುವವರನ್ನು ನೋಡಿದ್ದೀರಾ? ಹಾಗಾದರೆ ನೀವು ನೋಡಿದ್ದು ನಮ್ಮ ಅತ್ತೆಯನ್ನೇ! ಬೇರೆ ಯಾರೂ ಆಗಿರಲು ಸಾಧ್ಯವಿಲ್ಲ.

ಅತ್ತೆ ಅಂದರೆ ನಮ್ಮಪ್ಪನ ತಂಗಿ. ಬಳ್ಳಾರಿಯ ಬ್ರೂಸ್‌ಪೇಟೆಯ ಒಂದು ಸಂದಿಯಲ್ಲಿ ನಾಲ್ಕು ಮಿಷನ್ನು ಹಾಕಿಕೊಂಡು ಜೀನ್ಸ್ ಪ್ಯಾಂಟು ಹೊಲಿಸುತ್ತಾಳೆ. ಕೊರಳಲ್ಲಿ ಸದಾ ಅಳತೆ ಟೇಪು. ಮದುವೆಗೆ ಹೋದರೂ ಬಂಗಾರದ ಸರದ ಪಕ್ಕ ಅದೊಂದು ಇರಲೇಬೇಕು. ನಾನು ಅಲ್ಲಿ ಮ್ಯಾನೇಜರು. ಅಂದರೆ ಗುಂಡಿ ಉರುಳಿ ಹೋದರೆ ಮಿಷನ್ನಿನ ಕೆಳಗೆ ತೂರಿ ಹುಡುಕಿ ತರುವವನು.

ಮೂರನೇ ಮಿಷನ್ನಿನ ಹುಡುಗಿ ಕುರುಗೋಡಿನಿಂದ ದಿನಾ ಬಸ್ಸಿನಲ್ಲಿ ಬರುತ್ತಾಳೆ. ಜಿಪ್ಪು ಕೂಡಿಸುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಮುಂದೆ ಸ್ವಂತ ಮಿಷನ್ನು ಹಾಕುವ ಆಸೆ ಅವಳಿಗೆ. ಒಂದು ಮುಂಜಾನೆ ಕಣ್ಣು ಒರೆಸಿಕೊಳ್ಳುತ್ತಾ ಬಂದಳು. ಸಂಜೆ ಬಸ್ ಇಳಿದ ಮೇಲೆ ಇಬ್ಬರು ಹುಡುಗರು ಬೈಕಿನಲ್ಲಿ ಮನೆಯವರೆಗೂ ಹಿಂದೆ ಬೀಳುತ್ತಿದ್ದರಂತೆ. ಪೊಲೀಸರ ಹತ್ತಿರ ಹೋದರೆ ಮಗಳ ಹೆಸರು ಊರಿಗೆಲ್ಲ ಗೊತ್ತಾಗುತ್ತದೆ ಎಂದು ಅವಳಪ್ಪ ಕೆಲಸವನ್ನೇ ಬಿಡಿಸಲು ಹೊರಟಿದ್ದ.

ಅತ್ತೆ ಅವಳಪ್ಪನಿಗೆ ಫೋನು ಹಚ್ಚಿದಳು. "ಯಜಮಾನ್ರ, ಹದಿನೈದ್ ದಿನ ಟೈಮ್ ಕೊಡ್ರಿ. ಅಷ್ಟರಾಗ ಏನರ ಮಾಡ್ತೀನಿ. ಹುಡುಗೀನ ಮಾತ್ರ ಬಿಡಿಸಬ್ಯಾಡ್ರಿ."

ಏನು ಮಾಡುವುದು? ಅದೇ ಹೊತ್ತಿಗೆ ನನ್ನ ಫೋನಿನಲ್ಲಿ ಆ ಜಾಹೀರಾತು ಬರಬೇಕೇ! ಹೆಂಗಸರಿಗೆಂದೇ ಮಾಡಿದ ಹಗುರವಾದ ಪಿಸ್ತೂಲು! ಆತ್ಮರಕ್ಷಣೆಗೆ! ಒಡವೆ ಇಡುವಂಥ ಮಖಮಲ್ಲಿನ ಪೆಟ್ಟಿಗೆಯಲ್ಲಿ ಬರುತ್ತದೆ! ಎಲ್ಲರೂ ನಗಲಿ ಅಂತ ಜೋರಾಗಿ ಓದಿದೆ. ಅತ್ತೆ ನಗಲಿಲ್ಲ.

"ಉದ್ದ ಎಷ್ಟೈತಿ ನೋಡ್ಲೇ."

"ಹದಿನೇಳೂ ಮುಕ್ಕಾಲು."

"ಹೆಂಗಸರ ಕೈಗೆ ಅಷ್ಟುದ್ದಾ?"

"ಮಾಡಿದವ್ರಿಗೆ ಗೊತ್ತಿರಂಗಿಲ್ಲೇನ್ ಅತ್ತಿ?"

ಸೆಂಟಿಮೀಟರು ಎಂಬ ಪದ ಅದೇ ಸಾಲಿನಲ್ಲಿ ಇತ್ತು. ಆದರೆ ಇಂಚು ಬಿಟ್ಟರೆ ಬೇರೆ ಅಳತೆಯನ್ನೇ ಕೇಳದೆ ಜೀನ್ಸಿನ ರಾಶಿಯಲ್ಲಿ ಬೆಳೆದ ನನ್ನ ಕಣ್ಣಿಗೆ ಅದು ಬೀಳಬೇಕಲ್ಲ!

ಮರುದಿನ ಬಂದೂಕಿಗಿಂತ ಮೊದಲೇ ಅದರ ಚೀಲ ತಯಾರು. ದಪ್ಪ ಡೆನಿಮ್ಮು, ಹಳದಿ ದಾರದ ಜೋಡಿ ಹೊಲಿಗೆ, ಮೂಲೆಗಳಿಗೆ ತಾಮ್ರದ ರಿವಿಟ್ಟು. ಉದ್ದ ಹದಿನೆಂಟು ಇಂಚು! ಸೊಂಟಕ್ಕೆ ಕಟ್ಟಿದರೆ ಮೊಣಕಾಲಿಗೆ ಬಡಿಯುತ್ತಿತ್ತು. ಪ್ಯಾಂಟಿನ ಒಂದು ಕಾಲು ಜಗಳವಾಡಿಕೊಂಡು ಬೇರೆ ಮನೆ ಮಾಡಿದ ಹಾಗೆ ಕಾಣುತ್ತಿತ್ತು. ಹುಡುಗಿ ನನ್ನ ಫೋನು ಇಸಿದುಕೊಂಡು ನೋಡಿದಳು.

"ಅಕ್ಕಾ, ಇವು ಸೆಂಟಿಮೀಟರ್ ಅದಾವಲ್ರಿ!"

ಆಗ ಅತ್ತೆ ನನ್ನ ಕಡೆ ಬೀರಿದ ನೋಟ ಇತ್ತಲ್ಲ, ಅದಕ್ಕೆ ನಿಜಕ್ಕೂ ಲೈಸೆನ್ಸ್ ಬೇಕಿತ್ತು.

"ಬಿಚ್ಚಿ ಸಣ್ಣದು ಮಾಡೂಣೇನು?" ಅಂದೆ.

"ರಿವಿಟ್ ಹೊಡದಾಗೈತಿ. ಇರ್ಲಿ ಬಿಡು, ದೂರದಿಂದ ಕಾಣ್ತೈತಿ."

ಲೈಸೆನ್ಸಿನ ಕಚೇರಿಗೆ ಹೋದೆವು. ಅರ್ಜಿ ತುಂಬಿದ್ದು ನಾನೇ. ಆಯುಧ ಬಳಸಿದ ಅನುಭವ ಎಂಬಲ್ಲಿ 'ಕತ್ತರಿ, ಇಪ್ಪತ್ತೆಂಟು ವರ್ಷ' ಅಂತ ಬರೆದೆ. ಅಲ್ಲಿದ್ದ ಗುಮಾಸ್ತರು ಓದಿ, ಕನ್ನಡಕ ತೆಗೆದು, ಒರೆಸಿ, ಮತ್ತೆ ಓದಿದರು.

"ನಿಮಗ ಯಾರಿಂದ ಭಯ ಐತ್ರಿ ಅಮ್ಮಾ?"

"ನನಗಾ? ಯಾರಿಂದೂ ಇಲ್ರಿ."

"ಮತ್ತ ಬಂದೂಕ ಯಾಕ?"

"ಅವರಿಗೆ ನನ್ನ ಭಯ ಇರ್ಲಿ ಅಂತ್ರಿ!"

ಪಾಪ, ಅವರು ಸಮಾಧಾನದಿಂದಲೇ ಹೇಳಿದರು. ವಿಚಾರಣೆ, ವರದಿ, ತರಬೇತಿ ಎಂದು ತಿಂಗಳುಗಟ್ಟಲೆ ಹಿಡಿಯುತ್ತದೆ, ಕೊನೆಗೆ ಸಿಕ್ಕೇ ಸಿಗುತ್ತದೆ ಅಂತಲೂ ಇಲ್ಲ. ನಮ್ಮ ಹತ್ತಿರ ಉಳಿದಿದ್ದು ಆರೇ ದಿನ.

ಅದರ ನಡುವೆ ಸಿರುಗುಪ್ಪದ ದೊಡ್ಡತ್ತೆಯ ಮನೆಗೆ ಹೋಗುವುದಿತ್ತು. ಚೀಲವೂ ಹೊರಟಿತು. "ಕಟ್ಗೊಂಡು ಅಡ್ಯಾಡಿ ರೂಢಿ ಆಗ್ಬೇಕಲೇ," ಅಂದಳು ಅತ್ತೆ. ಬಸ್ಸಿನಲ್ಲಿ ಕಂಡಕ್ಟರು ಬಗ್ಗಿ ನೋಡಿದ.

"ಏನ್ರಿ ಅಕ್ಕಾರ ಇದು?"

"ಬಂದೂಕಿನ ಚೀಲ."

"ಬಂದೂಕ ಎಲ್ಲೈತ್ರಿ?"

"ಬರ್ತೈತಿ."

ಹಿಂದಿನ ಬಸ್ಸಿಗೆ ಬರುತ್ತದೋ ಏನೋ ಎಂದು ಅವನು ಕಿಟಕಿಯಾಚೆ ನೋಡಿದ. ಪಕ್ಕದಲ್ಲಿದ್ದ ಹೆಂಗಸು ಮೆಲ್ಲಗೆ ಎದ್ದು ಹೋದಳು. ವಾಪಸು ಬರುವಾಗ ದೊಡ್ಡತ್ತೆ ಕೊಟ್ಟ ಪಡವಲಕಾಯಿ ಆ ಚೀಲದಲ್ಲಿ ಅಳತೆ ಕೊಟ್ಟು ಹೊಲಿಸಿದಂತೆ ಕೂತಿತು.

ಹದಿನಾಲ್ಕನೇ ದಿನ ಸಂಜೆ ಅತ್ತೆ ಮಿಷನ್ನಿಗೆ ಬಟ್ಟೆ ಹೊದಿಸಿ, ಚೀಲ ಕಟ್ಟಿಕೊಂಡು, ಹುಡುಗಿಯ ಜೊತೆ ಕುರುಗೋಡಿನ ಬಸ್ಸು ಹತ್ತಿದಳು. ರಕ್ಷಣೆಗೆ ನಾನು. ನನ್ನ ದೇಹದಾರ್ಢ್ಯ ಎಂಥದ್ದೆಂದರೆ ನಮ್ಮ ಅಂಗಡಿಯ ಅತಿ ಸಣ್ಣ ಪ್ಯಾಂಟಿಗೂ ನನಗೆ ಬೆಲ್ಟು ಬೇಕು.

ಬಸ್ ಇಳಿದು ಸ್ವಲ್ಪ ದೂರ ನಡೆದಿದ್ದೆವು, ಚಹಾದ ಅಂಗಡಿಯ ಹತ್ತಿರ ಬೈಕು ಬಂದೇ ಬಂತು. ಹುಡುಗಿ ಅತ್ತೆಯ ಸೆರಗು ಹಿಡಿದಳು. ನಾನು ಎರಡು ಹೆಜ್ಜೆ ಹಿಂದೆ ನಿಂತು ಕಾವಲು ಕಾಯುತ್ತಿದ್ದೆ. ಸರಿ, ಹತ್ತು ಹೆಜ್ಜೆ. ಅತ್ತೆ ಸೀದಾ ಬೈಕಿಗೆ ಅಡ್ಡ ನಿಂತಳು. ಹುಡುಗರಿಬ್ಬರ ಕಣ್ಣೂ ಚೀಲದ ಮೇಲೆ. ಅವಳು ಕೊರಳಿನ ಟೇಪು ತೆಗೆದು ಮುಂದೆ ಕೂತವನ ಸೊಂಟಕ್ಕೆ ಸುತ್ತಿಯೇಬಿಟ್ಟಳು!

"ಮೂವತ್ತು. ಮೂವತ್ತನಾಕರದು ಹಾಕ್ಕೊಂಡಿ. ಅಳತಿ ಸಿಕ್ತು, ಇನ್ನ ಹೆಸರು ಹೇಳು. ಯಾರ ಮಗ ಲೇ ನೀನು? ನಿಮ್ಮವ್ವಗ ಗೊತ್ತೈತೇನು ನೀ ಇಲ್ಲಿ ಬಂದಿದ್ದು?"

ಚಹಾ ಕುಡಿಯುತ್ತಿದ್ದವರೆಲ್ಲ ಎದ್ದು ಬಂದರು. "ಏ, ಇಂವ ನಮ್ಮ ಓಣಿಯವನ ಅದಾನಲ್ಲೋ!" ಅಂದ ಒಬ್ಬ. ಅಷ್ಟೇ ಸಾಕಾಯಿತು. ಹುಡುಗರು ಬೈಕು ತಿರುಗಿಸಿದ ಹೊಡೆತಕ್ಕೆ ಟೇಪಿನ ತುದಿ ಹರಿದು ಅವರ ಜೊತೆಗೇ ಹೋಯಿತು.

ಮನೆ ಬಾಗಿಲಲ್ಲಿ ಹುಡುಗಿಯ ಅಪ್ಪ ನಿಂತಿದ್ದ. ಎಲ್ಲ ಕೇಳಿದ. ನಗಲಿಲ್ಲ.

"ಇವತ್ತೇನೋ ನೀವು ಬಂದ್ರಿ. ನಾಳಿ?"

"ನಾಳಿನೂ ಬರ್ತೀನಿ."

"ನಾಡಿದ್ದು?"

"ಆಕಿ ಬ್ಯಾಡ ಅನ್ನೋತನಕ ಬರ್ತೀನ್ರಿ."

ಅವನು ಬಾಗಿಲಿನಿಂದ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಆಮೇಲೆ ಮಗಳ ಕಡೆ ತಿರುಗಿ, "ಮುಂಜಾನಿ ಡಬ್ಬಿಗೆ ಎರಡು ರೊಟ್ಟಿ ಹೆಚ್ಚಿಗಿ ಹಾಕ್ಕೊ, ಅಕ್ಕಾರಿಗೂ ಇರ್ಲಿ," ಅಂದ.

ವಾಪಸು ಬಸ್ಸಿನಲ್ಲಿ ನಾನು ಆ ಹುಡುಗರು ಓಡಿದ್ದನ್ನು ಅಭಿನಯಿಸಿ ತೋರಿಸುತ್ತಿದ್ದೆ. ಅತ್ತೆ ಟಿಕೆಟ್ಟನ್ನು ಪರ್ಸಿಗೆ ಹಾಕಲು ನೋಡುತ್ತಿದ್ದಳು, ಅದು ಒಳಗೆ ಹೋಗುತ್ತಲೇ ಇರಲಿಲ್ಲ. ಮೂರನೇ ಸಲವೂ ಟಿಕೆಟ್ಟು ಮಡಿಲಿಗೇ ಬಿತ್ತು.

"ಹೆದ್ರಿಕಿ ಆತೇನ್ ಅತ್ತಿ?"

"ಆಗಲಾರದ ಇರ್ತೈತೇನ್ಲೇ?" ಅಂದು ಕಿಟಕಿಯ ಕಡೆ ತಿರುಗಿದಳು. "ನಾ ಹತ್ತನೇ ಕ್ಲಾಸಿನಾಗ ಇದ್ದಾಗ ನನ್ನ ಹಿಂದನೂ ಹಿಂಗ ಬೀಳ್ತಿದ್ರು. ನಿಮ್ಮ ತಾತ ಸಾಲಿ ಬಿಡಿಸಿ ಮಿಷನ್ ಮುಂದ ಕುಂದರಿಸಿದ. ಸಾಲಿಯಿಂದ ಮನಿತನಕ ಯಾರರ ಒಬ್ರು ಜೋಡಿ ಬಂದಿದ್ರ ಸಾಕಿತ್ತಪಾ."

ನಾನು ಅಭಿನಯ ಬಿಟ್ಟು ಅವಳ ಪಕ್ಕಕ್ಕೆ ಸರಿದೆ. ಟಿಕೆಟ್ಟು ಇಸಿದುಕೊಂಡು ಅವಳ ಪರ್ಸಿಗೆ ಹಾಕಿ, ಬಳ್ಳಾರಿ ಬರುವವರೆಗೂ ಅವಳ ಕೈಯನ್ನು ಹಿಡಿದುಕೊಂಡೇ ಕೂತೆ.