ಒಬ್ಬಟ್ಟಿನ ಕಾವಲಿ ಮತ್ತು ಮೂರ್ಛೆ ಹೋದ ಮೆಮೊರಿ

ಅಜ್ಜಂಪುರದ ನಮ್ಮ ಚಿಕ್ಕಮ್ಮನ ಮನೆಯಲ್ಲಿ ಯಾವ ವಸ್ತುವಿಗೂ ತನ್ನಿಷ್ಟಕ್ಕೆ ತಾನು ಸಾಯುವ ಸ್ವಾತಂತ್ರ್ಯವಿಲ್ಲ. ಅದರಲ್ಲೂ ಕಂಪ್ಯೂಟರಿನ ಮೆಮೊರಿಗೆ ಖಂಡಿತ ಇಲ್ಲ! ಮೆಮೊರಿ ಅಂದರೆ ಹಸಿರು ಬಾಚಣಿಗೆಯಂಥ ಒಂದು ಪಟ್ಟಿ, ಅಂಚಿನುದ್ದಕ್ಕೂ ಚಿನ್ನದ ಬಣ್ಣದ ಹಲ್ಲುಗಳು. ಅದು ಕೈಕೊಟ್ಟರೆ ಕಂಪ್ಯೂಟರು ಪರದೆಯಲ್ಲಿ ಏನನ್ನೂ ತೋರಿಸದೆ ಕೀಂ... ಕೀಂ... ಎಂದು ಅಳುತ್ತಾ ಕೂರುತ್ತದೆ. ಬೇರೆಯವರಾದರೆ ಪಟ್ಟಿ ಎಸೆದು ಹೊಸದು ಹಾಕುತ್ತಾರೆ. ಚಿಕ್ಕಮ್ಮ?

"ಸತ್ತಿಲ್ಲ ಕಣೇ. ಮೂರ್ಛೆ ಹೋಗೈತೆ ಅಷ್ಟೆ."

ಇವರು ತರೀಕೆರೆಯ ಶಾಲೆಯೊಂದರಲ್ಲಿ ಕಂಪ್ಯೂಟರ್ ಕಲಿಸಿ ನಿವೃತ್ತರಾದವರು. ಕಡೂರಿನ, ತರೀಕೆರೆಯ ರಿಪೇರಿ ಅಂಗಡಿಯವರು ಬಿಸಾಡುವ ಪಟ್ಟಿಗಳನ್ನೆಲ್ಲ ತರಕಾರಿ ಚೀಲದಲ್ಲಿ ತುಂಬಿಕೊಂಡು ಬಸ್ಸಿನಲ್ಲಿ ತರುತ್ತಾರೆ. ಪೆನ್ಸಿಲ್ ರಬ್ಬರಿನಿಂದ ಹಲ್ಲು ಉಜ್ಜಿ, ಸ್ಪಿರಿಟ್ಟಿನಲ್ಲಿ ಒರೆಸಿ, ಮೊರದಲ್ಲಿ ಹರವಿ, ಸಂಡಿಗೆಯ ಪಕ್ಕದಲ್ಲಿ ಒಣಗಲಿಡುತ್ತಾರೆ. ಒಮ್ಮೆ ಪಕ್ಕದ ಮನೆಯಾಕೆ ಇಣುಕಿ, "ಇದ್ಯಾವ ಸಂಡಿಗೆ ಟೀಚರಮ್ಮಾ, ಇಷ್ಟು ಹಸ್ರಾಗೈತೆ, ಪಾಲಕ್ಕಾ?" ಅಂದರಂತೆ. "ಹೂಂ ಕಣ್ರೀ, ಆದ್ರೆ ಕರಿದ್ರೆ ಗರಿಗರಿ ಆಗಲ್ಲ!"

ಇನ್ನು ಆ ಮನೆಯ ಮಡಿ! ನಮ್ಮ ಮೈಯಲ್ಲಿ ಹುಟ್ಟುವ ಸಣ್ಣ ಕರೆಂಟು ತಾಗಿದರೂ ಮೆಮೊರಿ ಕೆಡುತ್ತದೆ ಎಂದು ಚಿಕ್ಕಮ್ಮ ಹತ್ತಿ ಸೀರೆ ಬಿಟ್ಟು ಬೇರೆ ಉಡುವುದಿಲ್ಲ. ಕಂಪ್ಯೂಟರಿನ ಹತ್ತಿರ ಬರುವವರು ಹಿತ್ತಲಿನ ಕಬ್ಬಿಣದ ನಲ್ಲಿ ಮುಟ್ಟಿ, ಆ ಕರೆಂಟನ್ನು ನೆಲಕ್ಕಿಳಿಸಿಯೇ ಬರಬೇಕು. ಮದುವೆಗೆ ಕರೆಯಲು ಥಳಥಳಿಸುವ ನೈಲಾನ್ ಸೀರೆಯಲ್ಲಿ ಬಂದ ಬೀಗರೊಬ್ಬರು ಜಗಲಿಯಲ್ಲೇ ಕೂತು ಅಲ್ಲಿಂದಲೇ ಕುಂಕುಮ ಕೊಟ್ಟು ಹೋದರು. "ನಮ್ಮ ಮಠದಾಗೂ ಇಷ್ಟು ಮಡಿ ಇಲ್ಲ ಕಣಮ್ಮ" ಎಂದು ಬಸ್ ಸ್ಟ್ಯಾಂಡಿನವರೆಗೂ ಗೊಣಗಿದರಂತೆ.

ನಗಬಹುದು. ನಾನೂ ನಕ್ಕವಳೇ. ಆದರೆ ಆ ದಿನದಿಂದೀಚೆಗೆ ನನಗೆ ನಗು ಅರ್ಧಕ್ಕೇ ನಿಂತುಹೋಗುತ್ತದೆ.

ಚಿಕ್ಕಪ್ಪನಿಗೆ ಗಂಟಲಿನ ಆಪರೇಷನ್ ಆಗಿ ದನಿ ಪೂರ್ತಿ ಹೋಗಿದೆ. ಕೈ ನಡುಗುವುದರಿಂದ ಬರೆಯಲಾರರು. ಮೊಬೈಲಿನ ಸಣ್ಣ ಅಕ್ಷರ ಬೆರಳಿಗೆ ಸಿಗುವುದಿಲ್ಲ. ಮನೆಯ ಹಳೇ ಕಂಪ್ಯೂಟರಿನ ದಪ್ಪ ಕೀಲಿಗಳನ್ನು ಒಂದೊಂದಾಗಿ ಒತ್ತಿದರೆ ಅದು ಗಟ್ಟಿಯಾಗಿ ಓದಿ ಹೇಳುತ್ತದೆ. ಅದೂ ಎಂಥ ದನಿಯಲ್ಲಿ? ರೈಲ್ವೆ ಸ್ಟೇಷನ್ನಿನಲ್ಲಿ ಗಾಡಿ ತಡವಾಗಿದೆ ಎನ್ನುವ ಹೆಂಗಸಿನ ದನಿಯಲ್ಲಿ! "ಸಾರಿಗೆ ಉಪ್ಪಿಲ್ಲ" ಎಂದು ಚಿಕ್ಕಪ್ಪ ಆ ದನಿಯಲ್ಲಿ ಸಿಡುಕಿದರೆ, "ಯಾವ ಪ್ಲಾಟ್‌ಫಾರ್ಮಿಗೆ ಬತ್ತೈತ್ರೀ ಉಪ್ಪು?" ಎಂದು ಚಿಕ್ಕಮ್ಮ ಅಡುಗೆಮನೆಯಿಂದಲೇ ಕೇಳುವರು.

ಆ ಕಂಪ್ಯೂಟರು ಒಂದು ಬೆಳಿಗ್ಗೆ ಕೀಂ ಎನ್ನತೊಡಗಿತು. ಚಿಕ್ಕಪ್ಪ ಸುಮ್ಮನಾದರು. ಕಡೂರಿನಲ್ಲಿರುವ ನನಗೆ ಆ ಮನೆಯ ಮೌನ ಫೋನಿನಲ್ಲೇ ಕೇಳಿಸಿ, ಓಡಿಬಂದೆ.

"ಹೊಸ ಕಂಪ್ಯೂಟರೇ ತರೋಣ ಚಿಕ್ಕಮ್ಮ."

"ಆ ಓದೋ ಪ್ರೋಗ್ರಾಮು ಹೊಸದ್ರಲ್ಲಿ ಓಡಲ್ಲ ಕಣೇ. ಬೇರೆದ್ನ ಕಲಿಯೋಗಂಟ ನಿಮ್ಮ ಚಿಕ್ಕಪ್ಪ ಬಾಯಿ ಹೊಲ್ಕಂಡ್ ಕೂರ್ಬೇಕಾ?"

ಚೀಲದಲ್ಲಿದ್ದ ಪಟ್ಟಿಗಳಲ್ಲಿ ಆ ಹಳೇ ಜಾತಿಯವನ್ನು ಆರಿಸಿದರು. ಉಜ್ಜಿದ್ದಾಯಿತು, ಒರೆಸಿದ್ದಾಯಿತು, ಕೀಂ ನಿಲ್ಲಲಿಲ್ಲ. ಕೊನೆಯ ಚಿಕಿತ್ಸೆ ಒಬ್ಬಟ್ಟಿನ ಕಾವಲಿ. ಪಟ್ಟಿಯನ್ನು ಅದರ ಮೇಲಿಟ್ಟು ಬಿಸಿ ಮಾಡಿದರೆ ಬಿಟ್ಟುಹೋದ ಬೆಸುಗೆ ಮತ್ತೆ ಕೂಡಿಕೊಳ್ಳುತ್ತದಂತೆ. ಅಷ್ಟು ಸಮವಾದ ಕಾವು ಬೇರೆ ಯಾವುದರಲ್ಲೂ ಇಲ್ಲವಂತೆ! ಯಾವಾಗಲೂ ಕಾವಲಿ ಕಾಯಿಸಿ, ಒಲೆ ಆರಿಸಿ, ಸ್ಪಿರಿಟ್ ಬಾಟಲಿಯನ್ನು ಹಿತ್ತಲಿಗಿಟ್ಟ ಮೇಲೇ ಪಟ್ಟಿ ಇಡುತ್ತಿದ್ದವರು. ಆವತ್ತು ಆತುರ. ಒಲೆ ಉರಿಯುತ್ತಲೇ ಇತ್ತು. ಹತ್ತಿ ಮುಗಿದಿತ್ತೆಂದು ಸೆರಗಿನ ತುದಿಗೇ ಸ್ಪಿರಿಟ್ ಸುರಿದುಕೊಂಡು ಒರೆಸುತ್ತಿದ್ದರು.

ನಾನು ನಡುಮನೆಯಲ್ಲಿ, ಅಡುಗೆಮನೆಗೆ ಬೆನ್ನು ಹಾಕಿ ಕೂತು, ಕಡೂರಿನ ಅಂಗಡಿಯವನಿಗೆ ಫೋನ್ ಮಾಡುತ್ತಿದ್ದೆ. "ಆ ಜಾತಿ ಮೆಮೊರಿ ಈಗ ಬರಾಕಿಲ್ಲ ಮೇಡಂ" ಎನ್ನುತ್ತಿದ್ದ. ಎದುರಿಗೆ ಕೂತಿದ್ದ ಚಿಕ್ಕಪ್ಪ ಸ್ಟೀಲ್ ಚೊಂಬನ್ನು ನೆಲಕ್ಕೆ ಕುಟ್ಟಿದರು. ಠಣ್! ಮತ್ತೆ ಠಣ್!

"ಕಾಫಿನಾ ಚಿಕ್ಕಪ್ಪ? ಇರಿ, ಒಂದ್ನಿಮಿಷ" ಅಂದೆ.

ಕಾಫಿನಾ ಅಂದೆನಲ್ಲ! ಈಗಲೂ ಎಲ್ಲಾದರೂ ಪಾತ್ರೆ ಬಿದ್ದರೆ ಆ ಮಾತೇ ಕಿವಿಗೆ ಬರುತ್ತದೆ. ತಲೆಯೆತ್ತಿದರೆ ಚಿಕ್ಕಪ್ಪನ ಬಾಯಿ ಅಗಲವಾಗಿ ತೆರೆದಿತ್ತು. ಎದ್ದು ನಿಂತಿದ್ದರು. ಹೊದ್ದುಕೊಂಡಿದ್ದ ಯಗಟಿ ಊರಿನ ಉಣ್ಣೆ ಕಂಬಳಿಯನ್ನು ನನ್ನತ್ತ ಚಾಚಿದ್ದರು. ಆಮೇಲೆ ನಾನು ತಿರುಗಿ ನೋಡಿದೆ.

ಚಿಕ್ಕಮ್ಮನ ಸೆರಗು ನೀಲಿಯಾಗಿ ಉರಿಯುತ್ತಿತ್ತು. ಅವರು ಕಾವಲಿಯ ಮೇಲೆ ಬಗ್ಗಿದ್ದರು, ಗೊತ್ತೇ ಆಗಿರಲಿಲ್ಲ. ಉರಿ ತೋಳಿಗೆ ಏರುವಷ್ಟರಲ್ಲಿ ಕಂಬಳಿ ಕಿತ್ತುಕೊಂಡು ಓಡಿ, ಅವರನ್ನು ಸುತ್ತಿ ನೆಲಕ್ಕೆ ಕೆಡವಿ ಅವುಚಿಕೊಂಡೆ. ಕಂಬಳಿಯೊಳಗಿಂದ ದನಿ ಬಂತು: "ಲೇ, ನಲ್ಲಿ ಮುಟ್ಟಿ ಬಂದ್ಯೇನೇ?"

ತೋಳಿಗೆ ಬೊಬ್ಬೆ ಬಂದಿತ್ತು, ಅಷ್ಟೇ. ಆಸ್ಪತ್ರೆಯ ಡಾಕ್ಟರು ಬ್ಯಾಂಡೇಜು ಕಟ್ಟುತ್ತಾ, "ಹತ್ತಿ ಸೀರೆ ಅಂತ ಇಷ್ಟಕ್ಕೇ ಹೋಯ್ತು. ನೈಲಾನ್ ಆಗಿದ್ರೆ ಕರಗಿ ಮೈಗೆ ಅಂಟ್ಕೊಳ್ತಿತ್ತು" ಎಂದರು. ಚಿಕ್ಕಮ್ಮ ನನ್ನ ಕಡೆ ತಿರುಗಿದರು: "ಕೇಳುದ್ಯಾ? ಮಡಿ ಅಂತ ನಗ್ತಿದ್ಯಲ್ಲ!"

ಮನೆಗೆ ಬಂದೊಡನೆ ಮಲಗುವವರೇ ಅವರು? ಕಾವಲಿಯನ್ನೂ ಏರದೆ, ಇನ್ನೂ ಹಾಕಿಯೂ ನೋಡದೆ ಮೊರದಲ್ಲೇ ಉಳಿದಿದ್ದ ಪಟ್ಟಿಯೊಂದನ್ನು ನನ್ನ ಕೈಗಿತ್ತು, "ಹಾಕು" ಎಂದರು. ನಲ್ಲಿ ಮುಟ್ಟಿ ಬಂದು, ಪಟ್ಟಿ ಕೂರಿಸಿ ಸ್ವಿಚ್ ಒತ್ತಿದೆ. ಒಂದೇ ಒಂದು ಪುಟ್ಟ ಕೀಂ. ಪರದೆ ಬೆಳಗಿತು. ಯಾವ ಬೆಂಕಿಯೂ ಬೇಕಾಗಿರಲಿಲ್ಲ!

ಚಿಕ್ಕಪ್ಪ ಕೀಲಿಮಣೆಯನ್ನು ಹತ್ತಿರಕ್ಕೆ ಎಳೆದುಕೊಂಡರು. ಬಹಳ ಹೊತ್ತು ಒತ್ತಿದರು. ಇವತ್ತು ಬೈಗುಳ ಉದ್ದವಾಗೇ ಇದೆ ಅಂದುಕೊಂಡೆ. ಸ್ಟೇಷನ್ನಿನ ಹೆಂಗಸು ಏರಿಳಿತವಿಲ್ಲದೆ ಓದಿದಳು:

"ಸೆರಗು ಸೆರಗು ಅಂತ ಕೂಗ್ದೆ ಕಣೇ. ದನಿ ಬರ್ಲಿಲ್ಲ."

ಚಿಕ್ಕಮ್ಮ ಬ್ಯಾಂಡೇಜು ಕಟ್ಟಿದ ಕೈಯಲ್ಲಿ ಮೂಲೆಯಲ್ಲಿದ್ದ ಚೊಂಬನ್ನು ಎತ್ತಿ, ಅವರೆದುರಿಗಿಟ್ಟು, ಪಕ್ಕದಲ್ಲಿ ಕೂತರು.

"ಕೇಳಿಸ್ತು ಕಣ್ರೀ," ಎಂದರು. "ಚೊಂಬು ನೆಗ್ಗೋಗೋ ಹಂಗೆ ಕೂಗಿದ್ರಲ್ಲ."